ಪಕ್ಷದ ಹಣೆಪಟ್ಟಿ, ಬೊಕ್ಕಸದ ಲೆಕ್ಕ

ದೇಶದ ಆರ್ಥಿಕ ಪ್ರಗತಿಗೆ ಒಂದೇ ಪಕ್ಷ ದೀರ್ಘಕಾಲ ಆಳಬೇಕೆಂಬ ವಾದ ಸುಶಿಕ್ಷಿತರ ನಡುವೆಯೂ ಕೇಳಿಬರುತ್ತದೆ. ಇದಕ್ಕೆ ಜಪಾನನ್ನು ಸಾಕ್ಷಿಗೆ ಕರೆಯುವುದುಂಟು. 1955ರಲ್ಲಿ ಸ್ಥಾಪನೆಯಾದ ಅಲ್ಲಿನ ಲಿಬರಲ್ ಡೆಮಾಕ್ರಟಿಕ್ ಪಕ್ಷ 1993ರವರೆಗೆ ಅಧಿಕಾರ ಬಿಟ್ಟುಕೊಡಲಿಲ್ಲ. ಅರವತ್ತರ ದಶಕದಲ್ಲಿ ಬೆಳವಣಿಗೆ ವರ್ಷಕ್ಕೆ ಶೇ 10ರ ಆಸುಪಾಸಿನಲ್ಲಿತ್ತು. ನಿಜ. ಆದರೆ ಭೂಮಿ ಮತ್ತು ಷೇರುಗಳ ಬೆಲೆ ಗುಳ್ಳೆಯಂತೆ ಉಬ್ಬಿ ಒಡೆದದ್ದೂ ಅದೇ ಪಕ್ಷದ ಆಳ್ವಿಕೆಯಲ್ಲಿಯೇ.

ಸ್ವೀಡನ್ನಿನ ಕಥೆ ಇನ್ನೂ ಕುತೂಹಲಕರ. 1932ರಿಂದ ಹೆಚ್ಚುಕಡಿಮೆ ನಿರಂತರವಾಗಿ ಆಳಿದ ಸೋಷಿಯಲ್ ಡೆಮಾಕ್ರಟರು ಕಲ್ಯಾಣ ರಾಜ್ಯವನ್ನು ಕಟ್ಟಿದರು, ಆದರೆ ಕೈಗಾರಿಕೆಗಳನ್ನು ಬಹುಪಾಲು ಖಾಸಗಿಯವರ ಕೈಯಲ್ಲೇ ಬಿಟ್ಟರು. 1976ರಲ್ಲಿ ಅವರನ್ನು ಸೋಲಿಸಿದ ಮಧ್ಯ-ಬಲಪಂಥೀಯ ಮೈತ್ರಿಕೂಟವಾದರೋ, ನಷ್ಟದಲ್ಲಿದ್ದ ಹಡಗು ಕಾರ್ಖಾನೆಗಳನ್ನು ಸರ್ಕಾರದ ಸ್ವಾಮ್ಯಕ್ಕೆ ತಂದಿತು! ತೊಂಬತ್ತರ ದಶಕದ ಬಿಕ್ಕಟ್ಟಿನ ತರುವಾಯ ಸರ್ಕಾರಿ ವೆಚ್ಚಕ್ಕೆ ಕತ್ತರಿ ಹಾಕಿದವರು, 1994ರಲ್ಲಿ ಮರಳಿ ಬಂದ ಅದೇ ಸೋಷಿಯಲ್ ಡೆಮಾಕ್ರಟರು. ಎಡ-ಬಲಗಳ ವ್ಯತ್ಯಾಸವನ್ನು ಅರ್ಥಶಾಸ್ತ್ರದ ತರಗತಿಯಲ್ಲಿ ಬಾಯಿಪಾಠ ಮಾಡಿದ ನನ್ನಂಥವರಿಗೆ ಇದು ತುಸು ಮುಜುಗರದ ಸಂಗತಿಯೇ.

ಪಿಂಚಣಿದಾರನಾದ ನನ್ನ ಗಮನ ಸೆಳೆಯುವುದು ಮಾತ್ರ ಬೇರೊಂದು ವಿಷಯ. ಅಲ್ಲಿನ ಪಿಂಚಣಿ ಸುಧಾರಣೆಗೆ 1994ರಲ್ಲಿ ಐದು ಪಕ್ಷಗಳು, ಆಳುವವರೂ ವಿರೋಧಿಗಳೂ ಸೇರಿ, ಸಮ್ಮತಿಸಿದವು. ಅದೇ ವರ್ಷ ಸರ್ಕಾರ ಬದಲಾಯಿತು, ಒಪ್ಪಂದ ಉಳಿಯಿತು. 1998ರಲ್ಲಿ ಅದು ಕಾನೂನಾಯಿತು. ನಮ್ಮಲ್ಲಿ 2004ರಲ್ಲಿ ಬಂದ ಹೊಸ ಪಿಂಚಣಿ ಪದ್ಧತಿ ಮಾತ್ರ ಇಂದಿಗೂ ಚುನಾವಣಾ ಪ್ರಣಾಳಿಕೆಗಳ ಸರಕು.