ಕೊಟ್ಟಿಗೇಲಿ ನಿಂತ ಕಾರಿಗೆ ಪೂಜೆ ಸಾಲದು

ಹೋದ ತಿಂಗಳು ಬಿ.ಎಚ್. ರಸ್ತೇಲಿ ತರಕಾರಿ ಚೀಲ ಹಿಡ್ಕೊಂಡು ಆಟೋಗೆ ಕಾಯ್ತಾ ನಿಂತಿದ್ದೆ. ಎದುರಿಗೆ ಕೆನೆ ಬಣ್ಣದ ಒಂದು ಫಿಯಟ್ ಹೋಯ್ತು. ಆಟೋದೋನು ಬಂದು ನಿಂತು ಹಾರನ್ ಹೊಡೆದ್ರೂ ನಾನು ಆ ಕಡೇನೇ ನೋಡ್ತಿದ್ದೆ. ಪಕ್ಕದಲ್ಲಿದ್ದ ಹುಡುಗಿ, "ಯಾರಾಂಟಿ, ಗೊತ್ತಿರೋರಾ?" ಅಂದ್ಳು. "ಒಳಗಿರೋರು ಗೊತ್ತಿಲ್ಲ ಕಣಮ್ಮ, ಕಾರು ಗೊತ್ತು" ಅಂದೆ. ಅವಳು ನಕ್ಕಳು.

ನಮ್ಮನೆಯವ್ರೂ ನಗ್ತಾರೆ. ಬೇರೆ ಹೆಂಗಸ್ರು ದಾರೀಲಿ ಸೀರೆ ನೋಡ್ತಾರೆ, ಇವಳು ಹಳೇ ಕಾರು ನೋಡ್ತಾಳೆ ಅಂತ. ನೋಡೋದ್ರಲ್ಲಿ ತಪ್ಪೇನೈತೆ ಹೇಳಿ? ಈಗಿನ ಕಾರುಗಳನ್ನ ಹಿಂದೆ ಬರೆದಿರೋ ಹೆಸರು ಓದದೆ ಗುರುತು ಹಿಡಿಯೋಕಾಗಲ್ಲ. ಆಗಿನವು ಹಂಗಿರಲಿಲ್ಲ. ಅಂಬಾಸಿಡರ್ ಅಂದ್ರೆ ಉಂಡೆ ಮೈ, ಗುಂಡು ಕಣ್ಣು, ಮದುವೆ ಮನೆ ಹಿರೀಕರ ಥರ ನಿಧಾನ. ಫಿಯಟ್ ಸ್ವಲ್ಪ ಚೌಕ, ಹಿಂದುಗಡೆ ಎರಡೂ ಮೂಲೇಲಿ ಸಣ್ಣ ರೆಕ್ಕೆ ಎದ್ದಂಗಿರ್ತದೆ. ಅದೇ ಫಿಯಟ್ಟಿಗೆ ಆಮೇಲೆ ಪ್ರೀಮಿಯರ್ ಪದ್ಮಿನಿ ಅಂತ ರಾಣಿ ಹೆಸರಿಟ್ಟರು. ಮದ್ರಾಸಿನಲ್ಲಿ ಆಗ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡಿಗೆ ಬಾನೆಟ್ಟು ಮುಂದಕ್ಕೆ ಪೂರ್ತಿ ಮಗುಚಿಕೊಳ್ಳೋದು, ಮೊಸಳೆ ಬಾಯಿ ತೆಗೆದಂಗೆ. ನಂಬರ್ ಪ್ಲೇಟು ಎಂವೈ ಅಂತ ಶುರುವಾದ್ರೆ ಮೈಸೂರು ರಾಜ್ಯ ಅಂತಿದ್ದ ಕಾಲದ ಸಾಲಿನ ನಂಬರು. ನಮ್ಮ ತುಮಕೂರಿನ ಕೆಎ-06 ಎಲ್ಲಾ ಆಮೇಲಿಂದು. ಇಷ್ಟು ಗೊತ್ತಿದ್ರೆ ಸಾಕು, ನೀವೂ ಬಸ್ಸಿನ ಕಿಟಕೀಲಿ ಕೂತು ಗುರುತು ಹಿಡೀಬಹುದು.

ಆದರೆ ಈವತ್ತು ನಾನು ಹೇಳಕ್ಕೆ ಕೂತಿರೋದು ರಸ್ತೇಲಿ ಓಡೋ ಹಳೇ ಕಾರಿನ ಮಾತಲ್ಲ. ಕೊಟ್ಟಿಗೇಲಿ ನಿಂತು ಹೋಗಿರೋ ಕಾರಿನ ಮಾತು. ನಮ್ಮ ಕಡೆಯವರಿಗೆ ಯಾವ ಕಾರು ಅಂತ ಆಗಲೇ ಗೊತ್ತಾಗಿರ್ತದೆ.

ಗುಬ್ಬೀಲಿ ನಮ್ಮಪ್ಪ 1978ರಲ್ಲಿ ಅಂಬಾಸಿಡರ್ ತಗೊಂಡ್ರು. ಮಾರ್ಕ್ 3. ಆಗ ದುಡ್ಡು ಕೈಲಿದ್ರೂ ಕಾರು ಕೈಗೆ ಬರ್ತಿರಲಿಲ್ಲ, ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿತ್ತು. ನನಗೆ ಎಂಟು ವರ್ಷ. ಮುಂದಿನ ಸೀಟು ಬೆಂಚಿನ ಥರ ಉದ್ದಕ್ಕೆ ಒಂದೇ, ಗೇರು ಸ್ಟೀರಿಂಗ್ ಪಕ್ಕದಲ್ಲಿ. ಅದಕ್ಕೇ ಮುಂದೆ ಮೂರು ಜನ ಕೂರೋರು. ಅಪ್ಪಂದು ಕೊಬ್ಬರಿ ವ್ಯಾಪಾರ. ತಿಪಟೂರು ಮಾರುಕಟ್ಟೆಗೆ ಹೋಗಿ ಬಂದ್ರೆ ಡಿಕ್ಕಿ ತುಂಬಾ ಕೊಬ್ಬರಿ ವಾಸನೆ, ಅದು ಎರಡು ದಿನ ಹೋಗ್ತಿರಲಿಲ್ಲ. ಬೀದಿಯಲ್ಲಿ ಯಾವ ಹೆಣ್ಣುಮಗಳಿಗೆ ನೋವು ಬಂದ್ರೂ ರಾತ್ರಿ ಅಪ್ಪನ ಬಾಗಿಲು ಬಡಿಯೋರು. ತುಮಕೂರು ಆಸ್ಪತ್ರೆಗೆ ಹೋಗ್ತಾ ದಾರೀಲೇ ಆ ಕಾರಲ್ಲಿ ಹುಟ್ಟಿದ ಮಗುನೂ ಉಂಟು. ನಾನು ಪಿಯುಸಿ ಪಾಸಾದಾಗ ಸಿಹಿ ಹಂಚಕ್ಕೆ ಹೋಗಿದ್ದೂ ಅದರಲ್ಲೇ, ಮದುವೆ ಆಗಿ ತುಮಕೂರಿಗೆ ಬಂದಿದ್ದೂ ಅದರಲ್ಲೇ.

ಅಪ್ಪ ಹೋಗಿ ಒಂದು ವರ್ಷ ಕಳೆದ ಮೇಲೆ ಕುಣಿಗಲ್ ಕಡೆಯ ಒಬ್ಬ ಮೆಕ್ಯಾನಿಕ್ ಕಾರು ಕೇಳ್ಕೊಂಡು ಬಂದ. ಗುಜರಿಗಲ್ಲ, ರಿಪೇರಿ ಮಾಡಿ ಓಡಿಸ್ತೀನಿ ಅಂದ. ಅಣ್ಣ ನಂಗೆ ಫೋನ್ ಮಾಡಿ ಕೇಳ್ದ. ನಾನು ಗೋಳೋ ಅಂತ ಅತ್ತೆ. "ಅದನ್ನ ಮಾರೋದೂ ಒಂದೇ, ಅಪ್ಪನ್ನ ಮಾರೋದೂ ಒಂದೇ" ಅಂದೆ. ಅಣ್ಣ ಸುಮ್ಮನಾದ. ಇದು ಎಂಟು ವರ್ಷದ ಹಿಂದಿನ ಮಾತು. ಅವತ್ತಿಂದ ಕಾರು ಕೊಟ್ಟಿಗೇಲಿ ಟಾರ್ಪಾಲು ಹೊದ್ಕೊಂಡು ನಿಂತೈತೆ. ಆಯುಧಪೂಜೆ ದಿನ ತೊಳೆದು, ಚೆಂಡು ಹೂವಿನ ಹಾರ ಹಾಕಿ, ಬೂದಗುಂಬಳ ಒಡೀತಾರೆ. ಚಕ್ರದ ಕೆಳಗೆ ನಿಂಬೆಹಣ್ಣೂ ಇಡ್ತಾರೆ. ಆದರೆ ಕಾರು ಮುಂದಕ್ಕೆ ಹೋಗಲ್ಲ, ನಿಂಬೆಹಣ್ಣು ಅಲ್ಲೇ ಒಣಗ್ತದೆ. ಮಿಕ್ಕ ದಿನಗಳಲ್ಲಿ ಕೋಳಿ ಮೊಟ್ಟೆ ಇಡೋದು ಹಿಂದಿನ ಸೀಟಲ್ಲಿ.

ನನ್ನ ತಪ್ಪು ನಂಗೆ ಗೊತ್ತಾಗಿದ್ದು ಎಡೆಯೂರಲ್ಲಿ. ಧರ್ಮಸ್ಥಳಕ್ಕೆ ಹೊರಟಿದ್ವಿ, ಸಿದ್ಧಲಿಂಗೇಶ್ವರನ ದರ್ಶನ ಮಾಡ್ಕೊಂಡು ಹೈವೇ ಪಕ್ಕ ಕಾಫಿಗೆ ನಿಲ್ಸಿದ್ವಿ. ಹೋಟೆಲ್ ಮುಂದೆ ಏಳೆಂಟು ಹಳೇ ಕಾರು ಸಾಲಾಗಿ ನಿಂತಿವೆ! ಬೆಂಗಳೂರಿಂದ ಹಾಸನದ ಕಡೆ ಹೊರಟಿರೋ ಜನ. ನಂಗೆ ಸಿದ್ಧಗಂಗೆ ದನಗಳ ಜಾತ್ರೆ ನೆನಪಾಯ್ತು. ಅಲ್ಲೂ ಹಂಗೇ ಅಲ್ವಾ, ಎತ್ತಿನ ಕೊಂಬಿಗೆ ಎಣ್ಣೆ ಸವರಿ, ಮೈ ಉಜ್ಜಿ ಸಾಲಾಗಿ ನಿಲ್ಲಿಸಿರ್ತಾರೆ. ನೋಡೋರು ಹಲ್ಲು ನೋಡ್ತಾರೆ, ಸುಳಿ ನೋಡ್ತಾರೆ. ಕೊನೆಗೆ ನಡೆಸಿ ನೋಡದೆ ಮಾತ್ರ ಯಾರೂ ಬೆಲೆ ಕಟ್ಟಲ್ಲ.

ಗಂಡಸರೆಲ್ಲಾ ಬಾನೆಟ್ ಎತ್ಕೊಂಡು ಮಾತಾಡ್ತಿದ್ರು. ಒಂದು ಅಂಬಾಸಿಡರ್ ಪಕ್ಕ ನನ್ನ ವಯಸ್ಸಿನ ಹೆಂಗಸು ನಿಂತಿದ್ರು. ನಮ್ಮನೇಲೂ ಒಂದು ಐತೆ ಅಂದೆ. "ಓಡ್ತದಾ?" ಅಂತ ಕೇಳಿದ್ರು. ಎಷ್ಟನೇ ಇಸವಿದು, ಯಾವ ಬಣ್ಣ ಅಂತ ಏನೂ ಕೇಳಲಿಲ್ಲ. ಇಲ್ಲ ಅಂದೆ. "ಎಷ್ಟು ವರ್ಷದಿಂದ?" ಎಂಟು ಅಂದೆ. ಅವರು ಅಯ್ಯೋ ಅಂದ್ರು, ಕಾಯಿಲೆ ಬಿದ್ದವರ ಸುದ್ದಿ ಕೇಳಿದಂಗೆ.

ಅವರು ಹೇಳಿದ್ದು ನಂಗೆ ಬಾಯಿಪಾಠ ಆಗೈತೆ. ಹಳೇ ಕಾರು ಓಡಿದ್ರೆ ಕೆಡೋದಕ್ಕಿಂತ ನಿಂತ್ರೇ ಜಾಸ್ತಿ ಕೆಡ್ತದಂತೆ. ವಾರಕ್ಕೊಂದು ಸಲನಾದ್ರೂ ಸ್ಟಾರ್ಟ್ ಮಾಡಿ ಒಂದಷ್ಟು ದೂರ ಹೋಗಿ ಬರಬೇಕು, ಇಲ್ಲದಿದ್ರೆ ಬ್ಯಾಟರಿ ಕೂತ್ಕೋತದೆ. ಟ್ಯಾಂಕಲ್ಲಿ, ಕಾರ್ಬುರೇಟರಲ್ಲಿ ನಿಂತ ಪೆಟ್ರೋಲು ಅಂಟಾಗ್ತದೆ. ಈಗಿನ ಪೆಟ್ರೋಲಲ್ಲಿ ನೂರಕ್ಕೆ 20 ಪಾಲು ಎಥನಾಲ್ ಇರ್ತದೆ, ಅದು ನೀರು ಹೀರ್ಕೋತದೆ, ಹಳೇ ರಬ್ಬರ್ ಪೈಪಿಗೆ ಆಗಿಬರಲ್ಲ, ಪೈಪು ಬದಲಾಯಿಸಬೇಕು. ಒಂದೇ ಕಡೆ ಭಾರ ಬಿದ್ದು ಟೈರು ಚಪ್ಪಟೆ ಆಗ್ತದೆ, ಬ್ರೇಕು ಹಿಡ್ಕೋತದೆ, ಇಲಿ ವೈರು ಕಡೀತದೆ. ಇವನ್ನೆಲ್ಲಾ ಹೇಳಿ, "ನಮ್ಮ ಯಜಮಾನರು ಊರಲ್ಲಿಲ್ದಾಗ ನಾನೇ ಸ್ಟಾರ್ಟ್ ಮಾಡಿ ಒಂದು ಸುತ್ತು ಹಾಕ್ಕೊಂಡು ಬರ್ತೀನಿ" ಅಂದ್ರು. ಆಮೇಲೆ ಕಾಫಿ ಕುಡಿದು ಹೊರಟೇ ಹೋದ್ರು.

ಧರ್ಮಸ್ಥಳದಲ್ಲಿ ಹೆಗ್ಗಡೆಯವರು ಕೂಡಿಸಿರೋ ಹಳೇ ಕಾರುಗಳನ್ನೂ ನೋಡಿದ್ವಿ. ನೋಡದೇ ಇರೋರು ಮುಂದಿನ ಸಲ ಮಂಜೂಷಾ ಮ್ಯೂಸಿಯಂ ಜೊತೆಗೆ ಅದನ್ನೂ ನೋಡ್ಕೊಂಡು ಬನ್ನಿ. ಶ್ರೀರಂಗಪಟ್ಟಣದ ಹತ್ತಿರ ಮೈಸೂರು ರಸ್ತೇಲೂ ಪಯಣ ಅಂತ ಅವರದೇ ಕಾರು ಮ್ಯೂಸಿಯಂ ಆಗೈತೆ. ಅಲ್ಲೂ ಕಾರು ನಿಂತೇ ಇರ್ತವಲ್ಲ ಅಂತ ನೀವು ಕೇಳಬಹುದು. ನಿಂತಿರ್ತವೆ, ಆದ್ರೆ ಒರೆಸೋರು, ನೋಡ್ಕೊಳ್ಳೋರು ಅವ್ರೆ, ಮಳೆ ಬಿಸಿಲು ತಾಗಲ್ಲ, ಸಾವಿರ ಜನ ನೋಡಿ ಸಂತೋಷ ಪಡ್ತಾರೆ. ನಮ್ಮ ಕೊಟ್ಟಿಗೇಲಿ ಯಾರು ನೋಡ್ತಾರೆ?

ನೋಡೋರು ಒಬ್ರು ಇದ್ರು. ಅದು ನಂಗೆ ಆಮೇಲೆ ಗೊತ್ತಾಯ್ತು. ಆ ಪ್ರಯಾಣ ಮುಗಿಸಿ ಪ್ರಸಾದ ಕೊಡಕ್ಕೆ ಗುಬ್ಬಿಗೆ ಹೋದಾಗ ಕಾರಿನ ಮಾತು ತೆಗೆದೆ. ಅತ್ತಿಗೆ ಅಕ್ಕಿ ಆರಿಸ್ತಾ ಕೂತಿದ್ರು, ತಲೆ ಎತ್ತಲಿಲ್ಲ. "ಹೋದ ಮಳೆಗಾಲದಲ್ಲಿ ಅದರ ಕೆಳಗೆ ನಾಗರಹಾವಿತ್ತು ಕಣಮ್ಮ. ಸೌದೆ ತರಕ್ಕೆ ದಿನಾ ಅಲ್ಲಿಗೆ ಹೋಗೋಳು ನಾನು" ಅಂದ್ರು. ಮತ್ತೆ ಯಾಕೆ ಅಣ್ಣನಿಗೆ ಹೇಳಿ ತೆಗೆಸಲಿಲ್ಲ ಅಂದೆ. "ನೀನು ಬೇಜಾರು ಮಾಡ್ಕೋತೀಯಾ ಅಂತ" ಅಂದ್ರು. ಎಂಟು ವರ್ಷ!

ನಾನು ಆ ರಾತ್ರಿ ಸರಿಯಾಗಿ ನಿದ್ದೆ ಮಾಡಲಿಲ್ಲ.

ಈಗ ನೇರವಾಗಿ ಹೇಳ್ತೀನಿ, ಬೈಯೋರು ಬೈರಿ. ನಾವು ತವರಿನ ಹೆಣ್ಣುಮಕ್ಕಳು ಮದುವೆ ಆಗಿ ಬರ್ತಾ ಸೀರೆ ಒಡವೆ ತಗೊಂಡು ಬರ್ತೀವಿ, ನೆನಪುಗಳನ್ನ ಮಾತ್ರ ಅಲ್ಲೇ ಬಿಟ್ಟು ಬರ್ತೀವಿ. ಅಮ್ಮನ ಬೀಸೋಕಲ್ಲು, ಅಪ್ಪನ ಕಾರು, ಅಜ್ಜಿ ಪೆಟ್ಟಿಗೆ, ಯಾವುದನ್ನೂ ಮುಟ್ಟಕೂಡದು. ವರ್ಷಕ್ಕೆ ಎರಡು ಸಲ ಹೋಗಿ ನೋಡಿ ಕಣ್ಣೀರು ಹಾಕಿ ಬರೋರು ನಾವು. ಅದರ ಸುತ್ತ ಕಸ ಗುಡಿಸೋರು ಅತ್ತಿಗೆ. ಇದೇ ಕೆಲಸ ನಮ್ಮನೇಲಿ ನಮ್ಮ ನಾದಿನಿಯರು ಮಾಡಿದ್ರೆ ನಾವು ಸುಮ್ಮನಿರ್ತೀವಾ?

ಅಣ್ಣನ ವಾದ ಬೇರೆ. ಐವತ್ತು ವರ್ಷ ತುಂಬಲಿ, ವಿಂಟೇಜ್ ಆಗ್ತದೆ, ಲಕ್ಷಗಟ್ಟಲೆ ಬರ್ತದೆ ಅಂತಾನೆ. ನಮ್ಮ ಕಾರಿಗೆ ಐವತ್ತು ತುಂಬೋದು 2028ಕ್ಕೆ. ನನ್ನ ಮಗನ ಕೈಲಿ ಆ ನಿಯಮ ಓದಿಸಿದೆ. 2021ರಲ್ಲಿ ಕೇಂದ್ರ ಸರ್ಕಾರ ತಂದಿರೋದು. ಮೊದಲ ನೋಂದಣಿ ಆಗಿ 50 ವರ್ಷ ದಾಟಿರಬೇಕು ಅನ್ನೋದೇನೋ ನಿಜ, ಆದರೆ ಕಾರು ಮೂಲ ರೂಪದಲ್ಲೇ ಉಳಿದಿರಬೇಕು. ನೋಂದಣಿಗೆ 20,000 ರೂಪಾಯಿ, ಅದು ನಡೆಯೋದು 10 ವರ್ಷ, ಆಮೇಲೆ ಮತ್ತೆ ಮಾಡಿಸಕ್ಕೆ 5,000. ನಂಬರಿನಲ್ಲಿ ವಿಎ ಅಂತ ಅಕ್ಷರ ಬರ್ತದೆ. ಆಮೇಲೂ ದಿನಾ ಓಡಿಸಂಗಿಲ್ಲ, ಬಾಡಿಗೆಗೆ ಬಿಡಂಗಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸೋದು, ಇಷ್ಟಕ್ಕೇ. ತುಕ್ಕು ಹಿಡಿದು ತಳ ಉದುರಿದ ಮೇಲೆ ಮೂಲ ರೂಪ ಎಲ್ಲಿಂದ ತರ್ತಾನೆ? ಹಂಗಲ್ಲ, ಮಾಮೂಲಿ ಆರ್‌ಸಿ ನವೀಕರಣನೇ ಮಾಡಿಸ್ತೀನಿ ಅಂದ್ರೂ ಅದು ಹಳೇ ಕಾಲದ ರೇಟಲ್ಲ. 2022ರ ಏಪ್ರಿಲ್‌ನಲ್ಲೇ 15 ವರ್ಷ ದಾಟಿದ ಕಾರಿಗೆ 600 ಇದ್ದದ್ದು 5,000 ಆಯ್ತು, ಆಮೇಲೆ 20 ವರ್ಷ ದಾಟಿದ್ದಕ್ಕೆ ಇನ್ನೂ ಏರಿಸವ್ರೆ. ನಮ್ಮ ಕಾರಿನ ಆರ್‌ಸಿ ಇನ್ನೂ ಅಪ್ಪನ ಹೆಸರಲ್ಲೇ ಐತೆ. ತೀರಿಹೋದವರ ಗಾಡಿ ವಾರಸುದಾರರ ಹೆಸರಿಗೆ ಮಾಡಿಸಕ್ಕೆ ಫಾರಂ 31 ಕೊಡಬೇಕು. ಯಾರ ಮನೇಲಾದ್ರೂ ಹಿಂಗಿದ್ರೆ ಮೊದಲು ಆ ಕೆಲಸ ಮಾಡಿಸಿ, ಮಾರಕ್ಕೂ ಓಡಿಸಕ್ಕೂ ಅದೇ ಮೊದಲ ಮೆಟ್ಟಿಲು.

ಅಂಬಾಸಿಡರ್ ಮಾಡೋದು 2014ಕ್ಕೇ ನಿಂತುಹೋಯ್ತು. ನಮ್ಮ ತುಮಕೂರಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿನೂ ಮುಚ್ಚಿತು. ಇನ್ನು ಹೊಸದು ಬರಲ್ಲ, ಇರೋದು ಉಳೀಬೇಕು, ಅದನ್ನ ನಾನೂ ಒಪ್ಪಿದೆ. ಆದರೆ ಪೆಟ್ಟಿಗೇಲಿ ಕೀ ಕೊಡದೆ ಇಟ್ಟ ಗಡಿಯಾರ ಉಳಿದಂಗಾಯ್ತಾ? ಓಡಿಸೋ ಶಕ್ತಿ ಇದ್ರೆ ಓಡಿಸಿ. ಇಲ್ಲದಿದ್ರೆ ಓಡಿಸೋರಿಗೆ ಕೊಡಿ. ಎರಡೂ ಆಗದಷ್ಟು ಕೆಟ್ಟಿದ್ರೆ ಬಾಗಿಲು, ದೀಪ, ಗ್ಲಾಸು ಬೇಕು ಅನ್ನೋರು ಅವ್ರೆ, ಅವು ಇನ್ನೊಂದು ಕಾರನ್ನ ಬದುಕಿಸ್ತವೆ. ನಾಲ್ಕನೇ ದಾರಿ ಟಾರ್ಪಾಲು. ಅದೊಂದು ಬೇಡ.

ಗೌರಿ ಹಬ್ಬಕ್ಕೆ ಅಣ್ಣ ಬಾಗಿನದ ದುಡ್ಡು ಕೊಡಕ್ಕೆ ಬರ್ತಾನೆ. ಈ ಸಲ ಹೇಳ್ಬಿಡ್ತೀನಿ: "ಅಣ್ಣ, ಅವತ್ತು ಬೇಡ ಅಂದೋಳು ನಾನೇ, ಇವತ್ತು ಕೊಟ್ಬಿಡು ಅನ್ನೋಳೂ ನಾನೇ. ಆ ಕುಣಿಗಲ್ ಮೆಕ್ಯಾನಿಕ್ಕನ್ನ ಹುಡುಕು. ಬಂದ ದುಡ್ಡಲ್ಲಿ ಕೊಟ್ಟಿಗೆ ನೆಲಕ್ಕೆ ಸಿಮೆಂಟು ಹಾಕಿಸಿ ಅತ್ತಿಗೆಗೆ ಬಿಟ್ಟುಕೊಡು." ಒಂದೇ ಒಂದು ಕೇಳ್ಕೋತೀನಿ. ಕಾರು ಓಡೋ ಹಂಗಾದ್ರೆ ಗುಬ್ಬಿಯಿಂದ ತುಮಕೂರಿನವರೆಗೆ ಒಂದ್ಸಲ ನಮ್ಮನ್ನ ಕೂರಿಸ್ಕೊಂಡು ಬರಲಿ. ಮುಂದಿನ ಸೀಟಲ್ಲಿ ಡ್ರೈವರ್ ಪಕ್ಕ ಇಬ್ರಿಗೆ ಜಾಗ ಐತೆ. ಒಂದು ನಂದು, ಇನ್ನೊಂದು ಅತ್ತಿಗೆದು.