ಹೆಸರಿಟ್ಟರೆ ಮುಗಿಯಿತೇ?

ಹೊಸ ಸ್ಕಾರಬ್ ದುಂಬಿಗೆ ಹೆಸರಿಡುವುದು ವಿಜ್ಞಾನದ ಹಬ್ಬವೇ ಸರಿ. ಆದರೆ ಬಹುತೇಕ ವರ್ಣನೆಗಳು ದೀಪಕ್ಕೆ ಬಿದ್ದ ಪ್ರೌಢ ದುಂಬಿಯ ಮೈಬಣ್ಣ, ಕುಡಿಮೀಸೆ, ಗಂಡಿನ ಜನನಾಂಗದ ಆಕಾರ, ಇಷ್ಟಕ್ಕೇ ನಿಲ್ಲುತ್ತವೆ. ಆ ಜೀವ ಬಾಳಿನ ಬಹುಪಾಲನ್ನು ಕಳೆದದ್ದು ಮಣ್ಣಿನೊಳಗೆ, ಗೊಣ್ಣೆಹುಳುವಾಗಿ. ಮಲೆನಾಡಿನಲ್ಲಿ ಅಡಿಕೆಯ ಬೇರು ತಿನ್ನುವ ಲ್ಯೂಕೋಫೋಲಿಸ್ ಹುಳುವೂ ಕೊಳೆತ ದರಗನ್ನಷ್ಟೇ ತಿಂದು ಮಣ್ಣಾಗಿಸುವ ಅದರ ದಾಯಾದಿಯೂ ಬರಿಗಣ್ಣಿಗೆ ಒಂದೇ. ಹಿಂಭಾಗದ ಅಡಿಯ ರೋಮಗಳ ವಿನ್ಯಾಸ ಅವೆರಡನ್ನೂ ಬೇರ್ಪಡಿಸಬಲ್ಲದು, ಬರೆದಿಡುವವರು ವಿರಳ. ಪರಿಣಾಮ? 2020ರ ಕೊನೆಗೆ ನಿಷೇಧವಾಗುವ ತನಕ ಫೋರೇಟ್ ಯಾವ ಭೇದವನ್ನೂ ಎಣಿಸದೆ, ಎರೆಹುಳುವನ್ನೂ ಸೇರಿಸಿ ಕೊಂದಿತು. 2002ರ ಜೀವವೈವಿಧ್ಯ ಕಾಯಿದೆ ಹೊಸ ಪ್ರಭೇದದ ಮಾದರಿಯನ್ನು ನಿಗದಿತ ಸಂಗ್ರಹಾಲಯಕ್ಕೆ ಒಪ್ಪಿಸಬೇಕೆನ್ನುತ್ತದೆ. ಒಪ್ಪಿಸಲಿ. ಸೂಜಿಗೆ ಚುಚ್ಚಿದ ಆ ದುಂಬಿಯ ಜತೆಗೆ ಅದರ ಮರಿಹುಳುವನ್ನೂ, ಅದು ಯಾವ ಮಣ್ಣಿನಲ್ಲಿ ಏನು ತಿಂದು ಬೆಳೆಯಿತೆಂಬ ವಿವರವನ್ನೂ ಕೇಳುವ ಹಕ್ಕು ತೋಟದವರಿಗಿದೆ.