ಸಂಘದ ಗೋಡೆಯ ಮೇಲಿನ ಹೊಸ ನಾಮಫಲಕ

ನಮ್ಮ ಸಂಘದ ಕಾರ್ಯಕಾರಿ ಸಮಿತಿಯಲ್ಲಿ ಕೆಲವು ತಿಂಗಳಿಂದ ನಡೆದಿರುವ ಚರ್ಚೆಯೊಂದನ್ನು ಓದುಗರ ಮುಂದಿಡುವುದು ಅಗತ್ಯವೆಂದು ನನಗೆ ತೋರಿದೆ. ವಿಷಯ ಮೇಲ್ನೋಟಕ್ಕೆ ಕ್ಷುಲ್ಲಕ. ಅಂಗಳದಲ್ಲಿ ಕುಳಿತವರಿಗೆಲ್ಲ ಅಂತರ್ಜಾಲ ಸಿಗಲೆಂದು ಸಂಘದ ಹೊರಗೋಡೆಯ ಮೇಲೆ ಒಂದು ವೈ-ಫೈ ಪೆಟ್ಟಿಗೆಯನ್ನು, ತಂತ್ರಜ್ಞರು ಆಕ್ಸೆಸ್ ಪಾಯಿಂಟ್ ಎಂದು ಕರೆಯುವುದನ್ನು, ಕೂರಿಸಿದ್ದೇವೆ. ಅದಕ್ಕೆ ತಗುಲಿದ ವೆಚ್ಚ ಒಂದು ಯುಗಾದಿ ಸಂತರ್ಪಣೆಯ ವೆಚ್ಚಕ್ಕಿಂತ ಕಡಿಮೆ. ಪೆಟ್ಟಿಗೆ ಬೇಕೇ ಬೇಡವೇ ಎಂಬ ಬಗ್ಗೆ ಯಾರೂ ಹೆಚ್ಚು ಮಾತನಾಡಲಿಲ್ಲ. ಆದರೆ ಅದಕ್ಕೆ ಯಾವ ಹೆಸರಿಡಬೇಕು, ಅದು ಯಾರಿಗೆ ತೆರೆದಿರಬೇಕು ಎಂಬ ಎರಡು ಪ್ರಶ್ನೆಗಳ ಮೇಲೆ ಮೂರು ಸಭೆಗಳು ಮುಗಿದರೂ ತೀರ್ಮಾನವಾಗಿಲ್ಲ. ಹೆಸರು ಕನ್ನಡ ಲಿಪಿಯಲ್ಲೇ ಇರಬೇಕು, ಬಾಗಿಲು ಬೀದಿಗೂ ತೆರೆದಿರಬೇಕು ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ಹೇಳುತ್ತೇನೆ.

ಹೊರನಾಡಿನ ಕನ್ನಡ ಸಂಘಗಳು ಸಾಮಾನ್ಯವಾಗಿ ಆರಂಭವಾದದ್ದು ಒಂದು ಕೊಠಡಿ, ಎರಡು ಬೆಂಚು, ಊರಿನಿಂದ ಒಂದು ದಿನ ತಡವಾಗಿ ಬರುತ್ತಿದ್ದ ಪತ್ರಿಕೆ, ಇಷ್ಟರಿಂದಲೇ. ಆ ವಾಚನಾಲಯದ ಬಾಗಿಲಲ್ಲಿ ಸದಸ್ಯತ್ವದ ಚೀಟಿ ಕೇಳುವ ಪದ್ಧತಿ ಇರಲಿಲ್ಲ. ಹೋಟೆಲಿನ ಮಾಣಿಯೂ ಬ್ಯಾಂಕಿನ ಗುಮಾಸ್ತನೂ ಒಂದೇ ಹಾಳೆಯ ಎರಡು ಬದಿಗಳನ್ನು ಹಿಡಿದು ಓದುತ್ತಿದ್ದ ಕಾಲವದು. ಇಂದು ಪತ್ರಿಕೆ ಬೆಳಗಾಗುವ ಮೊದಲೇ ಮೊಬೈಲಿಗೆ ಬಂದಿರುತ್ತದೆ, ಬೆಂಚು ಖಾಲಿಯಿದೆ. ಪ್ರತಿಯೊಬ್ಬರ ಜೇಬಿನಲ್ಲೂ ಡೇಟಾ ಇರುವಾಗ ಸಂಘದ ವೈ-ಫೈ ಯಾರಿಗೆ ಬೇಕು ಎಂದು ಖಜಾಂಚಿಯವರು ಕೇಳಿದ್ದು ನ್ಯಾಯವಾದ ಪ್ರಶ್ನೆ. ತಿಂಗಳ ರೀಚಾರ್ಜಿಗೆ ಲೆಕ್ಕ ಹಾಕುವ ಜನ ನಮ್ಮ ಅಂಗಳಕ್ಕೆ ಈಗಲೂ ಬರುತ್ತಾರೆ. 2024ರ ಜುಲೈನಲ್ಲಿ ಮೊಬೈಲು ದರಗಳು ಏರಿದ ಮೇಲೆ ಆ ಲೆಕ್ಕ ಇನ್ನಷ್ಟು ಬಿಗಿಯಾಗಿದೆ ಎಂಬುದು ನನ್ನ ಉತ್ತರ. 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದಲ್ಲಿ ಊರಿನ ಎಷ್ಟೋ ಬಡಾವಣೆಗಳಲ್ಲಿ ವಿದ್ಯುತ್ತಿನೊಡನೆ ಮೊಬೈಲು ಸಂಪರ್ಕವೂ ಹೋಗಿತ್ತೆಂಬುದನ್ನು ಇಲ್ಲಿರುವವರು ಮರೆತಿರಲಾರರು. ಹತ್ತು ಹದಿನೈದು ವಾಟ್ ವಿದ್ಯುತ್ತನ್ನಷ್ಟೇ ಬೇಡುವ ಈ ಪೆಟ್ಟಿಗೆ ಸಂಘದ ಇನ್ವರ್ಟರಿನ ಮೇಲೆ ಬಹಳ ಹೊತ್ತು ಉಸಿರಾಡಬಲ್ಲದು. ನೆಲದೊಳಗಿನ ಫೈಬರ್ ಕೇಬಲ್ಲೇ ತುಂಡಾದರೆ ಇದೂ ಮೂಕವಾಗುತ್ತದೆ, ನಿಜ.

ಮದರಾಸಿಗೆ ಬಯಲಿನ ನಿಸ್ತಂತು ಹೊಸತಲ್ಲ. 1924ರಲ್ಲಿ ಇಲ್ಲಿ ಮದ್ರಾಸ್ ಪ್ರೆಸಿಡೆನ್ಸಿ ರೇಡಿಯೋ ಕ್ಲಬ್ ಹುಟ್ಟಿ ಪ್ರಸಾರ ಆರಂಭಿಸಿತು. ಹಣದ ಮುಗ್ಗಟ್ಟಿನಿಂದ ಅದು ನಿಂತ ಮೇಲೆ ಅದರ ಪ್ರೇಷಕ ಯಂತ್ರ ನಗರದ ಕಾರ್ಪೊರೇಷನ್ನಿನ ಕೈಸೇರಿ, 1930ರಿಂದ 1938ರಲ್ಲಿ ಆಲ್ ಇಂಡಿಯಾ ರೇಡಿಯೋ ಬರುವವರೆಗೆ ಕಾರ್ಪೊರೇಷನ್ನೇ ಪ್ರಸಾರ ನಡೆಸಿತು. ರೇಡಿಯೋ ಕೊಳ್ಳಲಾರದವರಿಗಾಗಿ ಮರೀನಾ ಕಡಲತೀರದಲ್ಲಿಯೂ ಉದ್ಯಾನಗಳಲ್ಲಿಯೂ ಧ್ವನಿವರ್ಧಕಗಳನ್ನು ಕಟ್ಟಿದ್ದರು. ಮರಳಿನ ಮೇಲೆ ಕುಳಿತವನು ಯಾರೆಂದು ಆ ಧ್ವನಿವರ್ಧಕ ಕೇಳುತ್ತಿರಲಿಲ್ಲ. ಇತ್ತ ಮೈಸೂರಿನಲ್ಲಿ, ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದರು. ಅದಕ್ಕೆ ನಿಂತ 'ಆಕಾಶವಾಣಿ' ಎಂಬ ಹೆಸರು ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು. ತಮಿಳರು ಮಾತ್ರ 'ವಾನೊಲಿ' ಎಂಬ ತಮ್ಮದೇ ಮಾತನ್ನು ಬಿಡಲಿಲ್ಲ. ಅದಕ್ಕಾಗಿ ಅವರನ್ನು ಮೆಚ್ಚಬೇಕು. ಗಾಳಿಯಲ್ಲಿ ಹೋಗುವ ಮಾತಿಗೆ ದೇಶವೇ ಒಪ್ಪಿದ ಹೆಸರು ಸಿಕ್ಕಿದ್ದು ಕನ್ನಡನಾಡಿನಲ್ಲಿ. ಅಂಥ ನಾಡಿನವರು ಇಂದು ತಮ್ಮ ಸಂಘದ ಗೋಡೆಯ ಪೆಟ್ಟಿಗೆಗೆ, ಅಂಗಡಿಯಿಂದ ಬಂದಾಗ ಇದ್ದ ಇಂಗ್ಲಿಷ್ ಅಕ್ಷರ-ಅಂಕಿಗಳ ಹೆಸರನ್ನೇ ಉಳಿಸಿಕೊಳ್ಳೋಣವೆಂದು ಸಭೆಯಲ್ಲಿ ವಾದಿಸುತ್ತಾರೆ!

ಹೆಸರಿನ ಪ್ರಶ್ನೆಗೆ ಬರುವ ಮುನ್ನ ಪೆಟ್ಟಿಗೆಯನ್ನು ಕೂರಿಸಿದ ಬಗೆಯನ್ನು ಸ್ವಲ್ಪ ವಿವರಿಸುವುದು ಒಳ್ಳೆಯದು. ಬೇರೆ ಊರುಗಳ ಸಂಘಗಳಿಂದ ಈ ಬಗ್ಗೆ ವಿಚಾರಣೆ ಬಂದಿದೆ. ಕೆಲಸಕ್ಕೆ ಬಂದಿದ್ದ ಗುತ್ತಿಗೆದಾರರು ಪೆಟ್ಟಿಗೆಯನ್ನು ತಾರಸಿಯ ನೀರಿನ ತೊಟ್ಟಿಯ ಮೇಲೆ, ನಾಲ್ಕಂತಸ್ತಿನ ಎತ್ತರದಲ್ಲಿ ನಿಲ್ಲಿಸಿ ಹೋದರು. ಎತ್ತರವಿದ್ದಷ್ಟೂ ಒಳ್ಳೆಯದು ಎಂಬ ನಂಬಿಕೆ ದೂರದರ್ಶನದ ಆಂಟೆನಾ ಕಾಲದ್ದು. ಸುತ್ತ ಎಲ್ಲ ದಿಕ್ಕಿಗೂ ಹರಡುವ ಆಂಟೆನಾದ ಅಲೆ ಉದ್ದಿನ ವಡೆಯ ಆಕಾರದಲ್ಲಿರುತ್ತದೆ. ಆಂಟೆನಾದ ಗಳಿಕೆ ಹೆಚ್ಚಿದಷ್ಟೂ ವಡೆ ಅಗಲವಾಗಿ ಚಪ್ಪಟೆಯಾಗುತ್ತದೆ, ನಡುವಿನ ತೂತು ಮಾತ್ರ ಇದ್ದೇ ಇರುತ್ತದೆ. ಆದುದರಿಂದ ಪಕ್ಕದ ಬೀದಿಯ ಮೂರನೆಯ ಮಹಡಿಯವರಿಗೆ ನಮ್ಮ ಸಂಘ ಚೆನ್ನಾಗಿ ಸಿಗುತ್ತಿತ್ತು. ಕೆಳಗೆ ಬೇವಿನ ಮರದಡಿ ಕುಳಿತ ನಮ್ಮ ಹಿರಿಯರಿಗೆ ಸಿಗುತ್ತಿರಲಿಲ್ಲ. ಅದನ್ನು ಕೆಳಗಿಳಿಸಿ, ಸುಮಾರು ಹದಿನೈದು ಅಡಿ ಎತ್ತರದಲ್ಲಿ ಸಜ್ಜಾದ ಕೆಳಗೆ ಅಂಗಳದತ್ತ ಮುಖಮಾಡಿ ಕಟ್ಟಿಸಿದ ಮೇಲೆ ಎಲ್ಲ ಸರಿಹೋಯಿತು. ಪ್ರಸಾರದ ಶಕ್ತಿಯನ್ನು ಏರಿಸಿಬಿಡಿ ಎಂಬ ಸಲಹೆಯೂ ಬಂದಿತ್ತು. ಪೆಟ್ಟಿಗೆ ಎಷ್ಟು ಕೂಗಿದರೇನು, ಮೊಬೈಲಿನ ಕ್ಷೀಣ ದನಿ ಅದಕ್ಕೆ ಮರಳಿ ಕೇಳಿಸಬೇಕಲ್ಲ?

ಚೆನ್ನೈನಲ್ಲಿ ಎರಡು ಶತ್ರುಗಳು: ಕಡಲಿನ ಉಪ್ಪುಗಾಳಿ, ಅಕ್ಟೋಬರಿನಿಂದ ಡಿಸೆಂಬರಿನವರೆಗಿನ ಈಶಾನ್ಯ ಮಳೆ. ಸಾಮಾನ್ಯ ಕಬ್ಬಿಣದ ಬೋಲ್ಟು ಇಲ್ಲಿ ಬೇಗ ತುಕ್ಕು ಹಿಡಿಯುತ್ತದೆ. ತುಕ್ಕು ಹಿಡಿಯದ ಉಕ್ಕಿನದನ್ನೇ ಕೇಳಿ ಹಾಕಿಸಬೇಕು. ಡೇಟಾವನ್ನೂ ವಿದ್ಯುತ್ತನ್ನೂ ಒಂದೇ ಕೇಬಲ್ ಒಯ್ಯುವುದರಿಂದ ಹೊರಗೆ ಬೇರೆ ಪ್ಲಗ್ಗು ಬೇಡ. ಆದರೆ ಆ ಕೇಬಲ್ ನೂರು ಮೀಟರು ಮೀರಬಾರದು, ಬಿಸಿಲು ತಾಳುವ ಹೊರಕವಚ ಅದಕ್ಕಿರಬೇಕು. ಪೆಟ್ಟಿಗೆಯ ಒಳಹೋಗುವ ಮುನ್ನ ಕೇಬಲನ್ನು ಕೆಳಗೆ ಬಾಗಿಸಿ ಮೇಲಕ್ಕೆ ತಂದರೆ ಮಳೆನೀರು ಬಾಗಿದ ಜಾಗದಲ್ಲೇ ತೊಟ್ಟಿಕ್ಕಿ ಹೋಗುತ್ತದೆ, ಒಳಸೇರುವುದಿಲ್ಲ. ಸಿಡಿಲಿನ ಆಘಾತ ತಡೆಯುವ ಸರ್ಜ್ ಪ್ರೊಟೆಕ್ಟರ್, ಅದಕ್ಕೊಂದು ಸರಿಯಾದ ಅರ್ಥಿಂಗ್, ಇವೆರಡರಲ್ಲಿ ಉಳಿತಾಯ ಮಾಡಿದವರು ಒಂದು ಮಳೆಗಾಲದಲ್ಲಿ ಪೆಟ್ಟಿಗೆಯನ್ನೇ ಕಳೆದುಕೊಂಡಾರು. ಒಳಗಿನ ಹೊಂದಿಕೆಗಳಲ್ಲಿ ದೇಶ ಎಂಬ ಕಡೆ ಭಾರತವನ್ನೇ ಆರಿಸಬೇಕು. ಶಕ್ತಿ, ತರಂಗಗಳ ಮಿತಿ ಅದರಿಂದ ನಿರ್ಧಾರವಾಗುತ್ತದೆ. 2.4 ಗಿಗಾಹರ್ಟ್ಸ್ ತರಂಗವನ್ನು ಸರ್ಕಾರ 2005ರಲ್ಲಿ ಪರವಾನಗಿಯಿಂದ ಬಿಡುಗಡೆ ಮಾಡಿತು. ಅಲ್ಲಿ ಒಂದರ ಮೇಲೊಂದು ಬೀಳದ ಚಾನೆಲುಗಳು 1, 6, 11 ಮಾತ್ರ. ನಮ್ಮ ಬೀದಿಯಲ್ಲಿ ಆ ಮೂರೂ ಸಂತೆಯಂತೆ ತುಂಬಿವೆ. 2018ರ ಅಕ್ಟೋಬರಿನಲ್ಲಿ 5 ಗಿಗಾಹರ್ಟ್ಸ್ ಪಟ್ಟಿಯ 605 ಮೆಗಾಹರ್ಟ್ಸ್ ಅನ್ನು ಬಯಲಿನ ಬಳಕೆಗೂ ಮುಕ್ತಗೊಳಿಸಿದ್ದರಿಂದ ನಮಗೆ ಹೆಚ್ಚು ಅನುಕೂಲವಾಗಿದೆ.

ಇನ್ನು ಹೆಸರು. ವೈ-ಫೈ ಜಾಲದ ಹೆಸರಿಗೆ ಅಂತರರಾಷ್ಟ್ರೀಯ ಮಾನಕ 1997ರಲ್ಲಿ ಕೊಟ್ಟ ಜಾಗ 32 ಬೈಟ್. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ಆದ್ದರಿಂದ ಅವರಿಗೆ 32 ಅಕ್ಷರಗಳ ವಿಶಾಲ ಫಲಕ. ಕನ್ನಡದ ಒಂದೊಂದು ಚಿಹ್ನೆಗೂ ಯೂನಿಕೋಡಿನ ಪ್ರಚಲಿತ ರೂಪದಲ್ಲಿ ಮೂರು ಬೈಟ್ ಬೇಕು. ನಾವು ಒಂದೇ ಅಕ್ಷರವೆಂದು ಓದುವ 'ನ್ನ' ಅಲ್ಲಿ ನ, ವಿರಾಮ, ನ ಎಂದು ಮೂರು ಚಿಹ್ನೆಗಳಾಗಿ ಒಂಬತ್ತು ಬೈಟ್ ನುಂಗುತ್ತದೆ. ಒಟ್ಟಿನಲ್ಲಿ ನಮ್ಮ ಪಾಲಿಗೆ ಬಂದದ್ದು ಹತ್ತೇ ಚಿಹ್ನೆಗಳ ನಾಮಫಲಕ. ಕಾಗದ ಪೆನ್ಸಿಲು ಹಿಡಿದು ಎಣಿಸಿದೆ. 'ಕನ್ನಡ ಸಂಘ' ನಡುವಿನ ತೆರಪೂ ಸೇರಿ 25 ಬೈಟ್, ಹಿಡಿಸುತ್ತದೆ. 'ಕರ್ನಾಟಕ ಸಂಘ' 31, ಕೂದಲೆಳೆಯಲ್ಲಿ ಪಾರು. 'ಕನ್ನಡ ವಾಚನಾಲಯ' 37, ಹಿಡಿಸುವುದಿಲ್ಲ. ತಮಿಳಿಗೂ ಇದೇ ಗತಿ. ನಮ್ಮ ಸಂಘದ ಹೆಸರನ್ನು ತಮಿಳು ಲಿಪಿಯಲ್ಲಿ 'ಕನ್ನಡ ಸಂಗಮ್' ಎಂದು ಬರೆಯಹೊರಟರೆ 34 ಬೈಟ್ ಆಗುತ್ತದೆ. ನಮಗೆ ಸೊನ್ನೆಯೊಂದು ಮಾಡಿಕೊಡುವ ಉಪಕಾರ ಅವರ ಲಿಪಿಯಲ್ಲಿಲ್ಲ. ಕಾವೇರಿಯ ನೀರಿನಲ್ಲಿ ಪಾಲಿಗಾಗಿ ಜಗಳವಾಡುವ ಎರಡು ಭಾಷೆಗಳು ಈ ಪಾಲಿನಲ್ಲಿ ಮಾತ್ರ ಒಂದೇ ಪಂಕ್ತಿಯ ಕೊನೆಯಲ್ಲಿ ಕುಳಿತಿವೆ. ಮಾನಕ ರೂಪಿಸಿದವರಿಗೆ ದ್ವೇಷವೇನೂ ಇರಲಿಲ್ಲ. ನಮ್ಮ ನೆನಪು ಅವರಿಗಿರಲಿಲ್ಲ, ಅಷ್ಟೇ. ಆದರೂ ಹತ್ತು ಚಿಹ್ನೆಗಳಲ್ಲಿ ಹೇಳಬಹುದಾದದ್ದನ್ನೂ ಇಂಗ್ಲಿಷಿನಲ್ಲಿ ಹೇಳುವುದಾದರೆ ಆ ದೋಷ ಅವರದಲ್ಲ.

ಕನ್ನಡ ಹೆಸರು ಬೇಡವೆಂದವರ ಕಾರಣ ಬೇರೆ. ಅದನ್ನು ನಾನು ಹಗುರವಾಗಿ ಕಾಣಲಾರೆ. 2016ರ ಸೆಪ್ಟೆಂಬರ್ 12ರ ಬೆಳಗಿನ ಜಾವ ಮೈಲಾಪುರದ ನ್ಯೂ ವುಡ್‌ಲ್ಯಾಂಡ್ಸ್ ಹೋಟೆಲಿನ ಮೇಲೆ ಪೆಟ್ರೋಲ್ ಬಾಂಬು ಬಿತ್ತು. ಅದೇ ದಿನ ಬೆಂಗಳೂರಿನಲ್ಲಿ ತಮಿಳುನಾಡಿನ ನೋಂದಣಿಯ ಬಸ್ಸು ಲಾರಿಗಳು ಸಾಲಾಗಿ ಉರಿದವು. 1991ರ ಡಿಸೆಂಬರಿನಲ್ಲಿ ಬೆಂಗಳೂರಿನ ತಮಿಳರು ಪಟ್ಟ ಪಾಡೂ ನೆನಪಿನಲ್ಲಿದೆ. ಅಂಥ ದಿನಗಳಲ್ಲಿ ಸಂಘದ ಹಲಗೆಯ ಮೇಲೆ ಬಟ್ಟೆ ಮುಚ್ಚಿ, ಗೇಟಿಗೆ ಬೀಗ ಹಾಕಿ ಒಳಗೆ ಕುಳಿತ ಹಿರಿಯರು ಸಮಿತಿಯಲ್ಲಿದ್ದಾರೆ. "ಹಲಗೆಯನ್ನಾದರೆ ಮುಚ್ಚಬಹುದು ಸ್ವಾಮಿ. ಬೀದಿಯ ಪ್ರತಿ ಮೊಬೈಲಿಗೂ ನಾವು ಯಾರೆಂದು ನಾವೇ ಏಕೆ ಸಾರಬೇಕು? ಹೆಸರನ್ನು ಮರೆಮಾಡಿಬಿಡಿ" ಎಂದು ಅವರಲ್ಲೊಬ್ಬರು ಕೇಳಿದರು. ಪೆಟ್ಟಿಗೆಯಲ್ಲಿ ಆ ಸೌಲಭ್ಯವಿದೆ. ಹೆಸರನ್ನು ಪ್ರಕಟಿಸದಂತೆ ಇಡಬಹುದು. ಆದರೆ ಅದರ ಫಲ ವಿಚಿತ್ರ. ಹೆಸರು ಮರೆಮಾಡಿದ ಜಾಲವನ್ನು ಹುಡುಕಲು ಸದಸ್ಯರ ಮೊಬೈಲುಗಳೇ ಆ ಹೆಸರನ್ನು ಹಿಡಿದು ಕೂಗಬೇಕಾಗುತ್ತದೆ. ಅಂಗಳದಲ್ಲಿ ಪೆಟ್ಟಿಗೆ ಸುಮ್ಮನಿರುತ್ತದೆ, ಟಿ. ನಗರದ ಅಂಗಡಿಸಾಲಿನಲ್ಲಿ, ಎಗ್ಮೋರಿನ ಪ್ಲಾಟ್‌ಫಾರ್ಮಿನಲ್ಲಿ ನಮ್ಮ ಜೇಬುಗಳು "ಕನ್ನಡ ಸಂಘ ಇದ್ದೀಯಾ?" ಎಂದು ಕೇಳುತ್ತ ತಿರುಗುತ್ತವೆ. ಅಡಗಿಕೊಳ್ಳಲು ಇದಕ್ಕಿಂತ ಕೆಟ್ಟ ಉಪಾಯವಿಲ್ಲ.

ಹೆಸರು ಕಾಣಿಸುವುದೇ ಸರಿಯಾದರೆ, ಕಂಡವರಿಗೆ ಅದರಿಂದ ಏನು ಸಿಗುತ್ತದೆ ಎಂಬುದು ಮುಖ್ಯವಾಗುತ್ತದೆ. ಗೇಟಿನ ಹೊರಗಿನ ಕಲ್ಲಿನ ಮೇಲೆ ಊಟ ತಲುಪಿಸುವ ಹುಡುಗರು ಬಿಸಿಲಿಗೆ ಕುಳಿತುಕೊಳ್ಳುತ್ತಾರೆ. ಎದುರು ಮನೆಯ ಮಕ್ಕಳು ನಮ್ಮ ಕಾಂಪೌಂಡಿಗೆ ಬೆನ್ನು ಕೊಟ್ಟು ಪಾಠ ಓದುತ್ತಾರೆ. ಇವರಿಗೆ ಬೀಗ ಹಾಕಿದ ಕನ್ನಡ ಹೆಸರೊಂದು ಮೊಬೈಲಿನಲ್ಲಿ ಕಾಣಿಸಿದರೆ ಅದು ಇನ್ನೊಂದು ಮುಚ್ಚಿದ ಗೇಟು. ಆದ್ದರಿಂದ ಒಂದೇ ಪೆಟ್ಟಿಗೆಯಿಂದ ಎರಡು ಹೆಸರು ಹೊರಡಲಿ ಎಂದು ನಾನು ಸೂಚಿಸಿದ್ದೇನೆ: ಸದಸ್ಯರಿಗೆ ಗುಪ್ತಪದವಿರುವ 'ಕನ್ನಡ ಸಂಘ', ಬೀದಿಗೆ ತಮಿಳು ಲಿಪಿಯಲ್ಲಿ 'ಪಡಿಪ್ಪಗಂ'. ಪಡಿಪ್ಪಗಂ ಎಂದರೆ ವಾಚನಾಲಯ. ದ್ರಾವಿಡ ಚಳವಳಿ ಬೀದಿಬೀದಿಯಲ್ಲಿ ಕಟ್ಟಿದ ಓದುಕೊಠಡಿಗಳ ಹೆಸರದು. ಪತ್ರಿಕೆಯನ್ನು ಒಬ್ಬ ಗಟ್ಟಿಯಾಗಿ ಓದುವುದು, ಹತ್ತು ಜನ ಸುತ್ತ ಕುಳಿತು ಕೇಳುವುದು ಅಲ್ಲಿನ ವಾಡಿಕೆಯಾಗಿತ್ತು. ಅದಕ್ಕೆ ತಮಿಳಿನಲ್ಲಿ 27 ಬೈಟ್ ಸಾಕೆಂಬುದನ್ನೂ ಎಣಿಸಿಯೇ ಹೇಳಿದ್ದೇನೆ. ಎರಡು ಜಾಲಗಳ ನಡುವೆ ಗೋಡೆಯಿರಬೇಕು, ಬೀದಿಯವರಿಗೆ ಸಂಘದ ಲೆಕ್ಕದ ಕಂಪ್ಯೂಟರು ಕಾಣಿಸಬಾರದು. ಬೀದಿಯ ಜಾಲದಲ್ಲಿ ಒಬ್ಬರ ಮೊಬೈಲು ಇನ್ನೊಬ್ಬರದಕ್ಕೆ ಎಟುಕಬಾರದು. ತಲೆಗಿಷ್ಟು ವೇಗವೆಂದು ಮಿತಿಯಿರಬೇಕು. ಇವೆಲ್ಲ ಪೆಟ್ಟಿಗೆಯ ಹೊಂದಿಕೆಯಲ್ಲೇ ಇವೆ, ಅರ್ಧ ಗಂಟೆಯ ಕೆಲಸ.

ಕಾನೂನಿನ ಭಯವನ್ನು ಹಲವರು ಮುಂದಿಟ್ಟರು. ಕೇಂದ್ರ ಸರ್ಕಾರದ ಕಡತಗಳ ನಡುವೆ ವಯಸ್ಸು ಕಳೆದವನಾದ್ದರಿಂದ ಇದಕ್ಕೆ ಉತ್ತರಿಸುವ ಹೊಣೆ ನನ್ನ ಮೇಲೆ ಬಿತ್ತು. ಭಯ ನಿರಾಧಾರವಲ್ಲ. 2008ರ ಜುಲೈನಲ್ಲಿ ಅಹಮದಾಬಾದಿನ ಸ್ಫೋಟಗಳಿಗೆ ಮುನ್ನ ಹೋದ ಬೆದರಿಕೆಯ ಇ-ಪತ್ರ ನವಿ ಮುಂಬಯಿಯ ಮನೆಯೊಂದರ ಬೀಗವಿಲ್ಲದ ವೈ-ಫೈ ಮೂಲಕ ಹೋಗಿತ್ತು. 2009ರ ಫೆಬ್ರವರಿಯಲ್ಲಿ ದೂರಸಂಪರ್ಕ ಇಲಾಖೆ ಸಾರ್ವಜನಿಕ ವೈ-ಫೈ ಬಳಸುವವರ ಗುರುತು ದೃಢಪಡಬೇಕೆಂದು ನಿರ್ದೇಶಿಸಿತು. ಆದುದರಿಂದ ಬಾಗಿಲು ತೆರೆದಿಡುವುದೆಂದರೆ ಬಂದವರು ಯಾರೆಂದು ತಿಳಿಯದಿರುವುದಲ್ಲ. ಮೊಬೈಲಿಗೆ ಬರುವ ಒಂದು ಬಾರಿಯ ಗುಪ್ತಸಂಖ್ಯೆಯಿಂದ ಒಳಬರಬೇಕು. 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ-ವಾಣಿ ಯೋಜನೆಯ ಪ್ರಕಾರ ಚಹದಂಗಡಿಯವನೂ ಪರವಾನಗಿ, ನೋಂದಣಿ, ಶುಲ್ಕ ಯಾವುದೂ ಇಲ್ಲದೆ ಸಾರ್ವಜನಿಕ ಡೇಟಾ ಕೇಂದ್ರ ನಡೆಸಬಹುದು. ಇಲಾಖೆಯಲ್ಲಿ ನೋಂದಾಯಿತ ಸಂಸ್ಥೆಯೊಂದರ ಮೂಲಕ ಸೇರಿಕೊಂಡರಾಯಿತು, ಬಳಕೆದಾರರ ಗುರುತಿನ ವ್ಯವಸ್ಥೆ ಅದರಲ್ಲೇ ಇದೆ. ಕಂಪನಿಗಳು ಇಂಥ ಕೇಂದ್ರಗಳಿಂದ ಅತಿಯಾಗಿ ವಸೂಲು ಮಾಡದಂತೆ ಟ್ರಾಯ್ 2025ರ ಜೂನ್‌ನಲ್ಲಿ ದರಕ್ಕೆ ಮಿತಿಯನ್ನೂ ಹಾಕಿದೆ. 2018ರ ರಾಷ್ಟ್ರೀಯ ನೀತಿ 2022ರ ಹೊತ್ತಿಗೆ ಒಂದು ಕೋಟಿ ವೈ-ಫೈ ತಾಣಗಳ ಗುರಿ ಹೇಳಿತ್ತು. ಪಿಎಂ-ವಾಣಿಯ ತಾಣಗಳು 2025ರಲ್ಲಿಯೂ ಕೆಲವೇ ಲಕ್ಷ. ಚೆನ್ನೈ ಕಾರ್ಪೊರೇಷನ್ 2021ರಲ್ಲಿ 49 ಸ್ಮಾರ್ಟ್ ಕಂಬಗಳಿಂದ ಉಚಿತ ವೈ-ಫೈ ಕೊಡಹೊರಟಿತು. ಇಷ್ಟು ದೊಡ್ಡ ನಗರಕ್ಕೆ 49 ಕಂಬ! ಉಳಿದ ಬೀದಿಗಳಲ್ಲಿ ನಮ್ಮಂಥ ಸಂಘಗಳಿವೆ, ಗೋಡೆಗಳಿವೆ.

ಒಳಬಂದವರಿಗೆ ಮೊದಲು ತೋರುವ ಪುಟವನ್ನು ನಮ್ಮ ಸೂಚನಾಫಲಕವಾಗಿ ಬಳಸಿಕೊಳ್ಳಬಹುದು. ಕನ್ನಡದಲ್ಲಿಯೂ ತಮಿಳಿನಲ್ಲಿಯೂ ಈ ತಿಂಗಳ ಉಪನ್ಯಾಸ, ಕನ್ನಡ ಕಲಿಕೆಯ ತರಗತಿಯ ಸಮಯ, ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ ನಡೆಸುವ ಭಾರತವಾಣಿಯ ನಿಘಂಟುಗಳಿಗೆ ದಾರಿ, ಇಷ್ಟು ಸಾಕು. ಬಳ್ಳಾರಿಯ ಲಾರಿ ಚಾಲಕನೊಬ್ಬ ಬೀದಿಯ ತಿರುವಿನಲ್ಲಿ ನಿಂತು ಮೊಬೈಲು ತೆರೆದಾಗ, ಇಂಗ್ಲಿಷ್ ಹೆಸರುಗಳ ಪಟ್ಟಿಯ ನಡುವೆ ತನ್ನ ಲಿಪಿಯಲ್ಲಿ ಎರಡು ಪದ ಕಂಡಾನು. ತೀರ ಹಳೆಯ ಕೆಲವು ಮೊಬೈಲುಗಳಲ್ಲಿ ಅದು ಅರ್ಥವಿಲ್ಲದ ಗುರುತುಗಳಾಗಿ ತೋರುವುದುಂಟು ಎಂದು ಕಾರ್ಯದರ್ಶಿಯವರು ಆಕ್ಷೇಪಿಸಿದ್ದಾರೆ. ಅಂಥವರಿಗಾಗಿ ಹೆಸರನ್ನು ಇಂಗ್ಲಿಷಿನಲ್ಲಿ ಬರೆದ ಚೀಟಿಯೊಂದನ್ನು ಗೇಟಿಗೆ ಅಂಟಿಸಿದರಾಯಿತು.

ಬರುವ ಸರ್ವಸದಸ್ಯರ ಸಭೆಯಲ್ಲಿ ಈ ಎರಡು ಗೊತ್ತುವಳಿಗಳನ್ನು ನಾನು ಮಂಡಿಸಲಿದ್ದೇನೆ. ತಮಿಳು ಹೆಸರಿಗೆ ವಿರೋಧ ನಮ್ಮವರಿಂದಲೇ ಬರಬಹುದೆಂಬ ಸೂಚನೆ ಸಿಕ್ಕಿದೆ. ಬಂದರೆ ಅಲ್ಲಿಯೇ ಚರ್ಚಿಸೋಣ. ನಿರ್ಣಯ ಯಾವುದಾದರೂ ಆಗಲಿ, ಬೋಲ್ಟು ಬದಲಿಸುವ ಕೆಲಸ ಮಾತ್ರ ಅಕ್ಟೋಬರಿನ ಮಳೆಗೆ ಮುನ್ನ ಮುಗಿಯಬೇಕೆಂದು ಕಟ್ಟಡ ಉಪಸಮಿತಿಗೆ ಪತ್ರ ಬರೆದಿದ್ದೇನೆ.